ವಾಪಸು ಕೊಡದ ಮೂರು ಗಂಟೆ

ಅವನ ಬೆರಳುಗಳು ಅಲ್ಲಾಡದೆ ಸುಮ್ಮನಿದ್ದದ್ದನ್ನು ನಾನು ನೋಡಿದ್ದು ಒಂದೇ ಸಲ. ಆವತ್ತು ಎರಡೂ ಹೆಬ್ಬೆರಳುಗಳನ್ನು ಜೋಡಿಸಿ ಬಿಳಿ ದಾರ ಕಟ್ಟಿದ್ದರು. ಚಿನ್ನದ ಗಣಿಯವರ ಸಾಲುಮನೆಗಳಿರುವ ಕೋರಮಂಡಲ್ ಲೈನಿನಲ್ಲಿ ಅವನ ಮನೆ ಮುಂದೆ ಶಾಮಿಯಾನ ಹಾಕಿತ್ತು. ಜನ ಒಬ್ಬೊಬ್ಬರೇ ಬಂದು ಮುಖ ನೋಡಿ, ಹೂವು ಹಾಕಿ ಹೋಗುತ್ತಿದ್ದರು. ನಾನು ಮಾತ್ರ ಅವನ ಬಲಗೈಯ ತೋರುಬೆರಳನ್ನೇ ನೋಡುತ್ತ ನಿಂತಿದ್ದೆ. ಡ್ರಮ್ಮಿನ ಕೋಲು ಹಿಡಿದು ಹಿಡಿದು ಅದರ ಒಳಮಗ್ಗುಲು ಜಡ್ಡುಗಟ್ಟಿ ಹುಣಿಸೆಬೀಜದಷ್ಟು ಗಟ್ಟಿಯಾಗಿತ್ತು. ಹಿಂದಿನಿಂದ ಯಾರೋ ಮುಂದೆ ಹೋಗಿ ಎಂದರು, ಹೋದೆ.

ಹದಿನಾರು ವರ್ಷ ಆ ಬೆರಳುಗಳ ಕಾಟ ಅನುಭವಿಸಿದವನು ನಾನು. ಬಸ್ಸಿನ ಕಂಬಿ, ಟೀ ಲೋಟ, ಪಕ್ಕದಲ್ಲಿ ಕೂತವರ ಟಿಫನ್ ಕ್ಯಾರಿಯರ್, ನನ್ನ ಬೆನ್ನು, ಯಾವುದನ್ನೂ ಅವನು ಬಿಟ್ಟವನಲ್ಲ. ಬಂಗಾರಪೇಟೆಯಲ್ಲಿ ಪಾನಿಪುರಿ ತಿನ್ನಲು ನಿಂತರೆ, ಪುರಿ ಬರುವಷ್ಟರಲ್ಲಿ ತಟ್ಟೆಯ ಮೇಲೆ ಒಂದು ಹಾಡು ಮುಗಿಸಿರುತ್ತಿದ್ದ. ಗಾಡಿಯವನು ಬೈದರೆ ನಕ್ಕು, ಪುರಿ ಬಾಯಿಗೆ ಹಾಕಿಕೊಂಡು ತೊಡೆಯ ಮೇಲೆ ಮುಂದುವರಿಸುತ್ತಿದ್ದ. ನನಗೋ ಮೊದಲೇ ಮೂಗಿನ ತುದಿಯಲ್ಲಿ ಕೋಪ. ನಮ್ಮಿಬ್ಬರಿಗೆ ಹೇಗೆ ಕೂಡಿ ಬಂತೋ ಇವತ್ತಿಗೂ ಗೊತ್ತಿಲ್ಲ.

ಪರಿಚಯವಾದದ್ದೇ ಜಗಳದಿಂದ. ನಾನು ಬೂದಿಕೋಟೆ ಕಡೆಯ ಹಳ್ಳಿಯವನು, ಉಳುವವನ ಮಗ. ಊರಿನ ಡೇರಿಯಲ್ಲಿ ಹಾಲಿಗೆ ಲ್ಯಾಕ್ಟೋಮೀಟರ್ ಬಿಟ್ಟು ನೀರು ಹಾಕಿದ್ದಾರೋ ಇಲ್ಲವೋ ನೋಡುವುದು ನನ್ನ ಕೆಲಸ. ಕೆಲಸ ಅದು, ಹುಚ್ಚು ಮೈಕಿನದು. ಯಾರಾದರೂ ಒಂದು ಸಲ ಕೈಗೆ ಮೈಕು ಕೊಟ್ಟರೆ ಕಿತ್ತುಕೊಳ್ಳುವವರೆಗೆ ಬಿಡುತ್ತಿರಲಿಲ್ಲ. ಒಂದು ದಿನ ಬಂಗಾರಪೇಟೆ ಸ್ಟೇಷನ್ನಿನಲ್ಲಿ ಮಾರಿಕುಪ್ಪಂ ಟ್ರೈನಿಗೆ ಕಾಯುತ್ತ, ಸಂಜೆಯ ಆರ್ಕೆಸ್ಟ್ರಾದಲ್ಲಿ ಹೇಳಬೇಕಾದ ಸ್ವಾಗತದ ಮಾತುಗಳನ್ನು ಬಾಯಿಪಾಠ ಮಾಡುತ್ತಿದ್ದೆ. ಅದೇ ಬೆಂಚಿನ ಇನ್ನೊಂದು ತುದಿಯಲ್ಲಿ ಯಾರೋ ಟಕಟಕ ಎನ್ನಿಸುತ್ತಿದ್ದ. ನಿಲ್ಲಿಸಪ್ಪ ಎಂದೆ. ಅವನು ನಿಲ್ಲಿಸಲಿಲ್ಲ, ನನ್ನ ಮಾತಿನ ನಡಿಗೆಗೆ ತಾಳವನ್ನು ಹೊಂದಿಸಿಕೊಂಡ. ಎರಡು ಸಾಲು ಹೇಳುವಷ್ಟರಲ್ಲಿ ನನ್ನ ಒಣ ಸ್ವಾಗತ ಪದ್ಯದ ಹಾಗೆ ಕುಣಿಯತೊಡಗಿತು. ಅವನೂ ಅದೇ ಆರ್ಕೆಸ್ಟ್ರಾಕ್ಕೆ ಡ್ರಮ್ಸ್ ಬಾರಿಸಲು ಹೊರಟವನು ಎಂದು ಗೊತ್ತಾದದ್ದು ಊರಿಗಾಂನಲ್ಲಿ ಇಳಿದ ಮೇಲೆ.

ಆವತ್ತಿನಿಂದ ಗಣೇಶನ ಪೆಂಡಾಲು, ಮದುವೆ ರಿಸೆಪ್ಷನ್ನು, ರಾಜ್ಯೋತ್ಸವ ಎಂದು ನಾವು ಸುತ್ತದ ಜಾಗವಿಲ್ಲ. ಮನೆಯಲ್ಲಿ ಅವನದು ತಮಿಳು, ನನ್ನದು ಕನ್ನಡ, ಹಾಡುವವರದು ತೆಲುಗು. ಬೈಯುವಾಗ ಮೂರೂ ಸೇರುತ್ತಿದ್ದವು. ನನ್ನ ಮಾತು ಉದ್ದವಾದರೆ ಹಿಂದಿನಿಂದ ಡ್ರಮ್ಮು ಗುಡುಗಿಸಿ ಬಾಯಿ ಮುಚ್ಚಿಸುತ್ತಿದ್ದ. ಮಾತಿನ ನಡುವೆ ಸ್ವಲ್ಪ ಸುಮ್ಮನಿರುವುದನ್ನು ನನಗೆ ಕಲಿಸಿದವನು ಅವನೇ. "ಕೈ ಎತ್ತಿದ್ದೂ ತಾಳಾನೇ ಮಚ್ಚಾ," ಎನ್ನುತ್ತಿದ್ದ. "ಒಡೆಯೋದು ಒಂದೇ ಅಲ್ಲ."

ಎಲ್ಲಕ್ಕಿಂತ ವಿಚಿತ್ರ ಅವನ ಮೂರು ಗಂಟೆ. ಗಡಿಯಾರದ ಮೂರು ಗಂಟೆಯಲ್ಲ. ಅವನ ಅಪ್ಪ ಮೊದಲು ಗಣಿಯೊಳಗೆ ದುಡಿದವರು. ಕಾಲಿಗೆ ಪೆಟ್ಟು ಬಿದ್ದ ಮೇಲೆ ಗಣಿಗೆ ಇಳಿಯುವ ಬಾವಿ, ಶಾಫ್ಟಿನ ಬಾಯಲ್ಲಿ ನಿಂತು, ಜನರನ್ನು ಇಳಿಸಿ ಹತ್ತಿಸುವ ಕಬ್ಬಿಣದ ಪಂಜರಕ್ಕೆ, ಅಂದರೆ ಕೇಜಿಗೆ, ಗಂಟೆ ಕೊಡುವ ಕೆಲಸಕ್ಕೆ ಬಂದರು. ಗಣಿ ಮುಚ್ಚುವವರೆಗೂ ಅದೇ ಕೆಲಸ. ಆ ಗಂಟೆಗೆ ಒಂದು ಭಾಷೆಯಿತ್ತು. ಒಂದು ಬಾರಿಸಿದರೆ ನಿಲ್ಲು. ಎರಡಕ್ಕೆ ಇಳಿಸು. ಮೂರು ಬಾರಿಸಿದರೆ ಹತ್ತುವವರು ಕಲ್ಲು ಮಣ್ಣಲ್ಲ, ಮನುಷ್ಯರು ಎಂದರ್ಥ. ಕೆಳಗಿನವರು ಮೂರು ಕೊಟ್ಟ ಮೇಲೆ ಮೇಲಿನಿಂದಲೂ ಮೂರು ವಾಪಸು ಬರಬೇಕು. ಅದು ಬರುವವರೆಗೆ ಯಾರೂ ಕೇಜಿನೊಳಗೆ ಕಾಲಿಡುವಂತಿಲ್ಲ, ಎಷ್ಟು ಹೊತ್ತಾದರೂ ಸರಿ.

ಇವನು ಈ ಕಟ್ಟಳೆಯನ್ನು ಆರ್ಕೆಸ್ಟ್ರಾಕ್ಕೆ ತಂದಿದ್ದ. ಮೊದಲ ಹಾಡಿಗೆ ಮುಂಚೆ ಡ್ರಮ್ಮಿನ ಅಂಚಿನ ಮೇಲೆ ಮೂರು ಸಲ ತಟ್ಟುತ್ತಿದ್ದ. ನಾನು ಬೆರಳಿನಿಂದ ಮೈಕಿನ ಮೇಲೆ ಮೂರು ತಟ್ಟಬೇಕು. ಆಮೇಲೆಯೇ ಹಾಡು. ಒಮ್ಮೆ ಬಂಗಾರಪೇಟೆಯಲ್ಲಿ ಮುಂದಿನ ಸಾಲಿನ ಗಣ್ಯರ ಹೆಸರು ಹೇಳುವ ಗಡಿಬಿಡಿಯಲ್ಲಿ ನಾನು ಮರೆತೇಬಿಟ್ಟೆ. ಗಾಯಕಿ ಉಸಿರು ಎಳೆದುಕೊಂಡು ನಿಂತಿದ್ದಾಳೆ, ಕೀಬೋರ್ಡಿನವನು ಕಣ್ಣು ಬಿಡುತ್ತಿದ್ದಾನೆ, ಇವನು ಕೋಲು ಎರಡನ್ನೂ ಗಾಳಿಯಲ್ಲಿ ಎತ್ತಿ, ಬೆರಳು ಬಿಟ್ಟರೆ ಮಿಕ್ಕೆಲ್ಲ ಕಲ್ಲಿನ ಹಾಗೆ ಕೂತಿದ್ದಾನೆ. ಜನ ಸಿಳ್ಳೆ ಹೊಡೆದರು. ಕೊನೆಗೆ ಹೊಳೆದು ಮೂರು ತಟ್ಟಿದೆ. ಡ್ರಮ್ಮು ಮುರಿದು ಬಿದ್ದ ಹಾಗೆ ಶುರುವಾಯಿತು. ಆಮೇಲೆ ನಾನು ಕೂಗಾಡಿದ್ದಕ್ಕೆ, "ಮೇಲಿರೋನು ಕೊಡ್ದೆ ಕೆಳ್ಗಿರೋನು ಎಂಗ್ ಅತ್ತೋದು ಮಚ್ಚಾ?" ಎಂದ. ಬೈದದ್ದು ಅವನಿಗೆ ತಾಗಿರಲೇ ಇಲ್ಲ.

ಇಷ್ಟು ವರ್ಷದ ಗೆಳೆತನವನ್ನು ನಾನು ಕೆಡಿಸಿದ್ದು ಒಂದು ಮಾತಿನಿಂದ. ನಮ್ಮ ಕಡೆಯ ಹಳ್ಳಿಯೊಂದರಲ್ಲಿ ರಾಜ್ಯೋತ್ಸವದ ಕಾರ್ಯಕ್ರಮ. ಆವತ್ತು ಅವನಿಗೆ ಶಾಲು ಹೊದಿಸಿ ಹಾರ ಹಾಕಿದರು. ಮಗನಿಗೆ ಸನ್ಮಾನ ಎಂದು ಅವನ ಅಪ್ಪ ಇಸ್ತ್ರಿ ಮಾಡಿದ ಬಿಳಿ ಅಂಗಿ ತೊಟ್ಟು ಮುಂದಿನ ಸಾಲಿನಲ್ಲಿ ಕೂತಿದ್ದರು. ಎರಡು ಮಾತಾಡು ಎಂದು ನಾನೇ ಬಲವಂತವಾಗಿ ಮೈಕು ಹಿಡಿಸಿದೆ. ಅವನು ಬೆವತು ಹೋದ. ಏನೇನೋ ಹುಡುಕಿ, ಕೊನೆಗೆ ನಮ್ಮಪ್ಪ ಗಣಿಯಲ್ಲಿ ಮೂವತ್ತು ವರ್ಷ "ಉಳೈಚ್ರು" ಎಂದ. ತಮಿಳಿನಲ್ಲಿ ಅದು ಮೈಮುರಿದು ದುಡಿದರು ಎನ್ನುವ ಮಾತು. ಕನ್ನಡದ ಮಾತು ಗಂಟಲಿಗೆ ಸಿಗದೆ ಮನೆಯ ಮಾತು ಬಂದಿತ್ತು. ಆದರೆ ಕೇಳುತ್ತ ಕೂತಿದ್ದವರು ನೇಗಿಲು ಹಿಡಿಯುವ ಜನ. ಅವರ ಕಿವಿಗೆ ಉಳುಮೆ ಎಂದು ಬಿತ್ತು.

ಅಲ್ಲಲ್ಲಿ ಒಂದೆರಡು ನಗು ಕೇಳಿತು. ಇನ್ನಷ್ಟು ನಗಿಸುವ ಚಪಲ ನನಗೆ. ಮೈಕು ಕಿತ್ತುಕೊಂಡು, ಇವರಪ್ಪ ಗಣಿಯೊಳಗೆ ನೇಗಿಲು ಕಟ್ಟಿದ್ದರಂತೆ, ಎತ್ತುಗಳು ಕೇಜಿನಲ್ಲಿ ಇಳಿದವೋ ಏಣಿಯಲ್ಲಿ ಇಳಿದವೋ ಕೇಳಬೇಕು ಎಂದುಬಿಟ್ಟೆ. ಇಡೀ ಮೈದಾನ ಬಿದ್ದು ಬಿದ್ದು ನಕ್ಕಿತು. ಮುಂದಿನ ಸಾಲಿನಲ್ಲಿ ಅವನ ಅಪ್ಪನೂ ನಗುತ್ತಿದ್ದರು. ಅತ್ತ ಇತ್ತ ನೋಡಿ, ಎಲ್ಲರೂ ನಗುತ್ತಾರಲ್ಲ ಎಂದು ನಗುತ್ತಿದ್ದರು.

ಅವನು ಹೋಗಿ ಡ್ರಮ್ಮಿನ ಹಿಂದೆ ಕೂತ. ಮೂರು ತಟ್ಟಿದ, ನಾನು ಕೊಟ್ಟೆ, ಕಾರ್ಯಕ್ರಮವೆಲ್ಲ ಚೆನ್ನಾಗಿಯೇ ಬಾರಿಸಿದ. ಸಾಮಾನು ಕಟ್ಟುವಾಗ ಹತ್ತಿರ ಬಂದ.

"ಅಪ್ಪಾನೂ ನಗ್ತಿದ್ರು ಮಚ್ಚಾ. ಯಾತುಕ್ಕೆ ಅಂತ ಅವ್ರಿಗೆ ಗೊತ್ತಿಲ್ಲ."

ಅಷ್ಟೇ ಹೇಳಿ ವ್ಯಾನು ಹತ್ತಿದ. ಬೈದಿದ್ದರೆ ನಾನೂ ನಾಲ್ಕು ಬೈದು ಹಗುರಾಗುತ್ತಿದ್ದೆ. ಆಮೇಲೆ ಅವನು ಫೋನು ಮಾಡಿದರೆ ಎತ್ತಲು ನನಗೆ ಮುಖವಿರಲಿಲ್ಲ. ಎರಡು ಸಲ ಮಾಡಿ ಅವನೂ ಬಿಟ್ಟ. ಬಂದ ಕಾರ್ಯಕ್ರಮಗಳಿಗೆಲ್ಲ ಡೇರಿಯ ನೆಪ ಹೇಳಿ ತಪ್ಪಿಸಿಕೊಂಡೆ. ತಪ್ಪು ಮಾಡಿದವನು ನಾನು, ಮುನಿಸಿಕೊಂಡವನ ಹಾಗೆ ನಡೆದುಕೊಂಡವನೂ ನಾನೇ.

ಎರಡು ತಿಂಗಳಾದ ಮೇಲೆ ಒಂದು ಬೆಳಿಗ್ಗೆ ಹಾಲು ಹಾಕಿಸಿಕೊಳ್ಳುತ್ತಿದ್ದಾಗ ವಾಟ್ಸಾಪಿಗೆ ಅವನ ಧ್ವನಿ ಸಂದೇಶ ಬಂತು. ಕ್ಯಾನುಗಳ ಸದ್ದಿನ ನಡುವೆ ಫೋನನ್ನು ಕಿವಿಗೆ ಒತ್ತಿ ಕೇಳಿದೆ. ಮಾತೇ ಇಲ್ಲ. ಡ್ರಮ್ಮಿನ ಅಂಚಿನ ಮೇಲೆ ಮೂರು ತಟ್ಟು, ಆಮೇಲೆ ಅವನು ಕಾಯುತ್ತಿರುವ ಸದ್ದು. ನನಗೆ ಎಷ್ಟು ಸಂತೋಷವಾಯಿತೆಂದರೆ ಯಾರದೋ ಹಾಲನ್ನು ಇನ್ಯಾರದೋ ಕ್ಯಾನಿಗೆ ಸುರಿದೆ. ಪಕ್ಕದಲ್ಲಿದ್ದ ಕ್ಯಾನಿನ ಮೇಲೆ ಮೂರು ಸಲ ಬಡಿದು ಕಳಿಸಿದ್ದರೆ ಮುಗಿದಿತ್ತು. ನಾನು ಹಾಗೆ ಮಾಡಲಿಲ್ಲ. ಫೋನಿನಲ್ಲಿ ಬೇಡ, ಎದುರಿಗೆ ಹೋಗಿ ಕೊಡೋಣ, ಅಪ್ಪನ ಕಾಲಿಗೂ ಬಿದ್ದು ಬರೋಣ, ಭಾನುವಾರ ಹೋಗೋಣ ಎಂದುಕೊಂಡೆ. ಆ ಭಾನುವಾರ ಹೋಗಲಿಲ್ಲ. ಅದರ ಮುಂದಿನ ಭಾನುವಾರ ಬರುವ ಮೊದಲೇ, ಟೀ ಅಂಗಡಿಯಲ್ಲಿ ಎದೆ ಹಿಡಿದುಕೊಂಡು ಕೂತವನು ಮತ್ತೆ ಏಳಲಿಲ್ಲ ಎಂದು ಕೀಬೋರ್ಡಿನವನು ಫೋನು ಮಾಡಿದ.

ಸಾವಿನ ಮನೆಯಲ್ಲಿ ಅವನ ಅಪ್ಪನ ಎದುರಿಗೆ ಹೋಗದೆ, ಜನರ ಹಿಂದಿನಿಂದಲೇ ಜಾರಿ ಬಸ್ಸು ಹತ್ತಿ ಬಂದುಬಿಟ್ಟೆ.

ಕನಸು ಶುರುವಾದದ್ದು ಹದಿಮೂರನೆಯ ದಿನ ಕಳೆದ ಮೇಲೆ. ನಾನು ಶಾಫ್ಟಿನ ಬಾಯಲ್ಲಿ ನಿಂತಿರುತ್ತೇನೆ. ಶಾಫ್ಟಿನ ಹತ್ತಿರ ಕೂಡ ಸುಳಿದವನಲ್ಲ ನಾನು, ಕನಸಿಗೆ ಅದೆಲ್ಲ ಎಲ್ಲಿ ಗೊತ್ತಾಗಬೇಕು. ಕೆಳಗೆ ಬಹಳ ಆಳದಿಂದ ಮೂರು ತಟ್ಟು ಕೇಳಿಸುತ್ತದೆ. ಅವನೇ ಎಂದು ಗೊತ್ತು. ವಾಪಸು ಕೊಡಲು ಕೈ ಎತ್ತಿದರೆ ಕೈಯಲ್ಲಿ ಲ್ಯಾಕ್ಟೋಮೀಟರ್ ಇರುತ್ತದೆ. ಅದರಿಂದಲೇ ಗಂಟೆಗೆ ಹೊಡೆಯುತ್ತೇನೆ, ಸದ್ದೇ ಬರುವುದಿಲ್ಲ. ಕೆಳಗಿನಿಂದ ಮತ್ತೆ ಮೂರು. ಅವನಿಗೆ ಅವಸರವೇ ಇಲ್ಲ, ಅವಸರವೆಲ್ಲ ನನಗೆ. ಮಧ್ಯಾಹ್ನ ಜಗಲಿಯ ಮೇಲೆ ಹತ್ತು ನಿಮಿಷ ಕಣ್ಣು ಮುಚ್ಚಿದರೂ ಇದೇ. ಒಂದು ವರ್ಷ ನನಗೆ ಕೂತಲ್ಲಿ ಕೂರಲು, ನಿಂತಲ್ಲಿ ನಿಲ್ಲಲು ಆಗಲಿಲ್ಲ. ಮೈಕು ಮುಟ್ಟಲಿಲ್ಲ. ಎಲ್ಲಾದರೂ ಡ್ರಮ್ಮಿನ ಸದ್ದು ಕೇಳಿದರೆ ದಾರಿ ಬದಲಿಸುತ್ತಿದ್ದೆ. ಹೆಂಡತಿಯ ಮೇಲೆ ರೇಗುತ್ತಿದ್ದೆ.

ಮೊನ್ನೆ ಒಂದು ಭಾನುವಾರ ಅವಳೇ ನನ್ನನ್ನು ಊರಿಗಾಂಗೆ ಹೊರಡಿಸಿದಳು. ಅವಳ ತಂಗಿಯ ಮನೆ ಅಲ್ಲಿದೆ. ಅವರ ಮನೆ ಹತ್ತಿರದ ಮೈದಾನದಲ್ಲಿ ಆವತ್ತು ಸಂಜೆ ಆರ್ಕೆಸ್ಟ್ರಾ ಇರುವ ಸಂಗತಿಯನ್ನು ಬಸ್ಸು ಅರ್ಧ ದಾರಿ ಬರುವವರೆಗೆ ಹೇಳಲಿಲ್ಲ.

ಹೊತ್ತು ಇಳಿಯುವ ಮೊದಲೇ ಹಾಡು ಶುರುವಾಯಿತು. ನಾನು ತಕರಾರು ಹುಡುಕಲೆಂದೇ ಕೂತಿದ್ದೆ. ನಿರೂಪಕನ ಕನ್ನಡ ಸರಿಯಿಲ್ಲ, ಸ್ಪೀಕರ್ ಒಡೆದ ಮಡಕೆಯ ಹಾಗಿದೆ ಎಂದೆಲ್ಲ ಗೊಣಗಿದೆ. ಆದರೆ ಆ ಡ್ರಮ್ಮರ್, ಯಾರೋ ತಲೆಗೆ ಕೆಂಪು ಬಟ್ಟೆ ಕಟ್ಟಿದವನು, ಏನು ಬಾರಿಸುತ್ತಿದ್ದ ಅಂತೀರಿ. ಒಂದು ಕನ್ನಡ ಹಾಡು ಮುಗಿದು ತಮಿಳು ಶುರುವಾಗುವ ಹೊತ್ತಿಗೆ ಹೆಂಗಸರು ಎದ್ದು ನಿಂತು ಚಪ್ಪಾಳೆ ತಟ್ಟುತ್ತಿದ್ದರು. ಒಬ್ಬ ಅಜ್ಜಿ ಎಲೆ ಅಡಿಕೆ ಮೆಲ್ಲುತ್ತ ಸೊಂಟ ಕುಣಿಸಿದಳು. ನನಗೆ ನಗು ಬಂತು. ನನ್ನ ಕಾಲು ತನ್ನಷ್ಟಕ್ಕೆ ನೆಲಕ್ಕೆ ಬಡಿಯುತ್ತಿರುವುದು ಕಂಡಿತು. ಛೆ, ಅವನಿಲ್ಲದೆ ನಾನು ಇಲ್ಲಿ ಖುಷಿಪಡುತ್ತಿದ್ದೇನಲ್ಲ ಎಂದು ಕಾಲನ್ನು ಕುರ್ಚಿಯ ಕೆಳಗೆ ಎಳೆದುಕೊಂಡೆ. ಹೆಂಡತಿ ನೋಡಿದಳು.

"ಕುಣೀಲಿ ಬುಡಿ. ಕಾಲು ಕುಣಿದ್ರೆ ಅವ್ರೇನ್ ಬ್ಯಾಡ ಅಂತಾರಾ," ಎಂದಳು.

ಆಗಲೇ ಕಂಡರು ಅವನ ಅಪ್ಪ. ಜನ ಮುಂದೆ ನುಗ್ಗದಿರಲಿ ಎಂದು ಕಟ್ಟಿದ್ದ ಕಬ್ಬಿಣದ ಪೈಪಿನ ಪಕ್ಕದಲ್ಲಿ, ಕೋಲು ಊರಿಕೊಂಡು ಒಬ್ಬರೇ ಕೂತಿದ್ದರು. ಅದೇ ಬಿಳಿ ಅಂಗಿ. ನಾನು ಎದ್ದು ಹೋಗಿಬಿಡೋಣ ಎಂದುಕೊಂಡೆ. ಎದ್ದೆ ಕೂಡ. ಕಾಲುಗಳು ಮಾತ್ರ ಅವರ ಕಡೆಗೇ ನಡೆದವು.

ಗುರುತು ಹಿಡಿದು ಪಕ್ಕದ ಕುರ್ಚಿ ಎಳೆದರು. ನಾನು ಊಟವಾಯಿತೇ, ಕಾಲು ಹೇಗಿದೆ ಎಂದೆಲ್ಲ ಕೇಳಿದೆ. ಆಮೇಲೆ ತಡೆಯಲಾಗದೆ ನೇಗಿಲಿನ ಮಾತು ಎತ್ತಿ, ತಪ್ಪಾಯಿತು ಎಂದೆ. ಅವರು ಸ್ಟೇಜಿನಿಂದ ಕಣ್ಣು ತೆಗೆಯದೆ, ಆವತ್ತು ಮನೆಗೆ ಹೋದ ಮೇಲೆ ಯಾಕೆ ನಕ್ಕರು ಎಂದು ಮಗನನ್ನು ಕೇಳಿದ್ದಾಗಿ ಹೇಳಿದರು. ಅವನು ಹೇಳಲು ಹಿಂದೆ ಮುಂದೆ ನೋಡಿದನಂತೆ, ಹೇಳುವವರೆಗೆ ಇವರು ಬಿಡಲಿಲ್ಲವಂತೆ.

"ಉಳೋದೂ ಉಳೈಪ್ಪೇ, ದುಡಿಮೇನೇ ಅಲ್ವಾಡಾ ಅಂದೆ ಅವ್ನಿಗೆ," ಎಂದರು. "ನಿಮ್ಮಪ್ಪ ಮ್ಯಾಲೆ ಉತ್ರು, ನಾನು ಕೆಳ್ಗೆ. ಅದ್ರಾಗೇನೈತೆ ತಂಬಿ."

ಫೋನು ತೆಗೆದು ಆ ಸಂದೇಶವನ್ನು ಅವರ ಕಿವಿಗೆ ಹಿಡಿದೆ. ಹಾಡಿನ ಅಬ್ಬರದಲ್ಲಿ ಎಷ್ಟು ಕೇಳಿಸಿತೋ, ಮೂರನೆಯದಕ್ಕೆ ತಲೆದೂಗಿದರು. ಬಂದಾಗ ಸಂತೋಷವೇ ಆಗಿತ್ತು, ಅವನು ಹೋದ ಮೇಲೆ ಇದನ್ನು ಕೋಪದಲ್ಲಿ ಕಳಿಸಿದನೋ ಏನೋ ಎಂದು ವರ್ಷದಿಂದ ಒದ್ದಾಡುತ್ತಿದ್ದೇನೆ ಎಂದೆ.

"ಕೋಪ ಇದ್ರೆ ಒಂದು ಕೊಡ್ತಿದ್ದ. ಮೂರು ಕೊಟ್ಟವ್ನೆ." ಈಗ ನನ್ನ ಕಡೆ ತಿರುಗಿದರು. "ನೀನು ಕೊಟ್ಟೆ ತಾನೇ?"

ಇಲ್ಲ ಎಂದೆ.

ಅವರ ಮುಖದಲ್ಲಿ ಗಾಬರಿ ಕಂಡಿತು. ಮಗ ಸತ್ತ ತಂದೆಯ ಮುಖವಲ್ಲ ಅದು, ಪಾಳಿ ಮುಗಿದರೂ ಕೆಳಗೆ ಒಬ್ಬ ಉಳಿದಿದ್ದಾನೆ ಎಂದು ಕೇಳಿದ ಶಾಫ್ಟಿನವರ ಮುಖ. ಕೈಯಲ್ಲಿದ್ದ ಕೋಲನ್ನು ನನಗೆ ಕೊಟ್ಟು ಕಬ್ಬಿಣದ ಪೈಪನ್ನು ತೋರಿಸಿದರು.

"ಕೊಡಪ್ಪ. ಕೆಳ್ಗೆ ನಿಂತವ್ನೆ ಅಲ್ವಾ."

ಮೂರು ಸಲ ಬಡಿದೆ. ಹಾಡಿನ ನಡುವೆ ಅದು ನನಗೂ ಅವರಿಗೂ ಬಿಟ್ಟು ಯಾರಿಗೂ ಕೇಳಿಸಿರಲಾರದು. ಅವರು ಕುತ್ತಿಗೆ ಎತ್ತಿ, ಎಷ್ಟೋ ವರ್ಷ ಕೇಜಿನ ಹಗ್ಗ ಮೇಲೇರುವುದನ್ನು ನೋಡಿ ಪಳಗಿದ ಕಣ್ಣಿನಿಂದ, ಏನೂ ಇಲ್ಲದ ಕಡೆ ನಿಧಾನವಾಗಿ ಮೇಲೆ ನೋಡುತ್ತ ಹೋದರು. ಆಮೇಲೆ ಕೋಲು ವಾಪಸು ಇಸಿದುಕೊಂಡರು.

"ಪೋಗಟ್ಟುಂ," ಎಂದರು. ನನಗೆ ತಿಳಿಯಲಿಲ್ಲವೇನೋ ಎಂದು ನಮ್ಮ ಮಾತಿನಲ್ಲೂ ಹೇಳಿದರು. "ಓಗ್ಲಿ ಬುಡು."

ನನ್ನನ್ನು ಕ್ಷಮಿಸಿದರೋ ಮಗನನ್ನು ಕಳಿಸಿಕೊಟ್ಟರೋ ನಾನು ಕೇಳಲಿಲ್ಲ. ಎರಡಕ್ಕೂ ನಮ್ಮಲ್ಲಿ ಇರುವುದು ಅದೊಂದೇ ಮಾತು. ತೆಲುಗು ಹಾಡು ಶುರುವಾಯಿತು. ಅವರ ಕೋಲು ನೆಲದ ಮೇಲೆ, ನನ್ನ ಬೆರಳು ಪೈಪಿನ ಮೇಲೆ, ಕಾರ್ಯಕ್ರಮ ಮುಗಿಯುವವರೆಗೂ ಇಬ್ಬರೂ ತಾಳ ಹಾಕಿದೆವು.

ಆ ಕನಸು ಮತ್ತೆ ಬಂದಿಲ್ಲ. ಇಪ್ಪತ್ತು ದಿನವಾಯಿತು. ಈಗ ಮಧ್ಯಾಹ್ನ ಜಗಲಿಯ ಮೇಲೆ ಕಣ್ಣು ಮುಚ್ಚಿ, ಒಂದೇ ಒಂದು ಸಲ ಬಂದು ಹೋಗಲಿ ಎಂದು ಕಾಯುತ್ತ ಮಲಗಿರುತ್ತೇನೆ.