ಬೋರ್ಡು ಓದಿ ಹೇಳಿದವಳು

ನನ್ನದೊಂದು ಕಳ್ಳತನ ಒಪ್ಪಿಕೊಂಡುಬಿಡುತ್ತೇನೆ. ನ್ಯಾಮತಿಯಲ್ಲಿ ಏಳನೇ ಕ್ಲಾಸಿನಲ್ಲಿದ್ದಾಗ ಕಣ್ಣಿನ ಪರೀಕ್ಷೆಯಲ್ಲಿ ನಕಲು ಹೊಡೆದು ಪಾಸಾದವಳು ನಾನು. ಗಣಿತದಲ್ಲಿ ನಕಲು ಮಾಡುವವರು ಬೇಕಾದಷ್ಟಿದ್ದಾರೆ; ಕಣ್ಣಿನಲ್ಲಿ ಮಾಡಿದವಳು ನಾನೊಬ್ಬಳೇ ಇರಬೇಕು.

ಎತ್ತರದ ಹುಡುಗಿಯರಿಗೆ ಹಿಂದಿನ ಬೆಂಚು ಎಂಬುದು ನಮ್ಮ ಶಾಲೆಯ ಕಾನೂನು. ಅಲ್ಲಿಂದ ನನಗೆ ಬೋರ್ಡೆಂದರೆ ಬರೀ ಕರಿ ಗೋಡೆ. ಪಕ್ಕದ ನೂರ್‌ಜಾನ್ ಪಿಸುಗುಟ್ಟುತ್ತಿದ್ದಳು, ನಾನು ಬರೆದುಕೊಳ್ಳುತ್ತಿದ್ದೆ. ಕಣ್ಣಿನ ಡಾಕ್ಟರು ಬಂದ ದಿನ, ಸಾಲಿನಲ್ಲಿ ನನಗಿಂತ ಮುಂದಿದ್ದವರು ಓದಿದ ಅಕ್ಷರಗಳನ್ನು ಬಾಯಿಪಾಠ ಮಾಡಿ ಗಿಳಿಯಂತೆ ಒಪ್ಪಿಸಿದೆ. ಸೋಡಾಬುಡ್ಡಿ ಎನ್ನಿಸಿಕೊಳ್ಳುವ ನಾಚಿಕೆ ಹಾಗಿರಲಿ, ಓದಿ ಓದಿ ಕಣ್ಣು ಕೆಡಿಸಿಕೊಂಡಳೆಂದು ಅಜ್ಜಿ ಶಾಲೆ ಬಿಡಿಸಿಬಿಟ್ಟರೆ ಎಂಬ ಭಯ ನನಗೆ.

ಪಾಸಾದೆನೆಂದು ಬೀಗುವಷ್ಟರಲ್ಲಿ ನೂರ್‌ಜಾನ್ ಮೇಷ್ಟ್ರ ಮುಂದೆ ಹೋಗಿ ನಿಂತಳು. "ಇವ್ಳಿಗೆ ಬೋರ್ಡು ಕಾಣಲ್ಲ ರೀ ಸಾರ್. ದಿನಾ ನಾನೇ ಓದಿ ಹೇಳ್ತೀನಿ. ಬರೋ ವರ್ಷ ನಾವು ಹೊನ್ನಾಳಿಗೆ ಹೋಗ್ತೀವಿ. ಆಮೇಲೆ ಯಾರು ಓದ್ತಾರೆ?"

ಚಾಡಿಕೋರಿ! ಒಂದು ವಾರ ಅವಳೊಡನೆ ಮಾತು ಬಿಟ್ಟೆ. ಕನ್ನಡಕ ಬಂತು. ಅಜ್ಜಿ ಗೊಣಗಿದಳೇ ಹೊರತು ಶಾಲೆ ಬಿಡಿಸಲಿಲ್ಲ. ಬೀದಿಯ ತುದಿಯಲ್ಲಿ ಬರುತ್ತಿರುವವರು ಯಾರೆಂದು ನನ್ನನ್ನೇ ಕೇಳತೊಡಗಿದಳು. ಆ ಚಾಡಿಗೆ ನಾನು ಇವತ್ತಿಗೂ ಕೈ ಮುಗಿಯುತ್ತೇನೆ. ಅದಿಲ್ಲದಿದ್ದರೆ ನಾನು ಟೀಚರಾಗುತ್ತಿರಲಿಲ್ಲ.

ಮೊದಲು ಕೆಲಸಕ್ಕೆ ಸೇರಿದ್ದು ಚನ್ನಗಿರಿಯ ಒಂದು ಖಾಸಗಿ ಶಾಲೆಗೆ. ಅಲ್ಲಿ ಬೆಂಚಿಗೆರಡು ಕನ್ನಡಕ. ಗ್ರೂಪ್ ಫೋಟೋ ದಿನ ಮಾತ್ರ ಎಲ್ಲವೂ ಚೀಲದೊಳಗೆ. ಆಮೇಲೆ ಜಗಳೂರು ಕಡೆಯ ವಸತಿಶಾಲೆ. ಅಲ್ಲಿ ಹುಡುಕಿದರೂ ಒಂದು ಕನ್ನಡಕವಿಲ್ಲ. ಈ ಮಕ್ಕಳ ಕಣ್ಣು ಎಷ್ಟು ಚೆಂದವಪ್ಪಾ ಎಂದು ಒಂದು ತಿಂಗಳು ಹಿಗ್ಗಿದೆ, ಪೆದ್ದಿ! "ಬೋರ್ಡು ಕಾಣುತ್ತಾ?" ಎಂದರೆ ಎಲ್ಲರೂ "ಹೂಂ ಮಿಸ್" ಎನ್ನುವವರೇ. ಕೊನೆಗೆ ನನ್ನ ಹಳೆಯ ಬೆಂಚು ನೆನಪಾಗಿ, "ಪಕ್ಕದವರಿಗೆ ಬೋರ್ಡು ಓದಿ ಹೇಳೋರು ಯಾರ್ಯಾರು?" ಎಂದು ಕೇಳಿದೆ. ಐದಾರು ಕೈಗಳು ಹೆಮ್ಮೆಯಿಂದ ಮೇಲೆದ್ದವು. ಅಂದಿನಿಂದ ಯಾವ ಶಾಲೆಗೆ ಹೋದರೂ ನಾನು ಕೇಳುವುದು ಅದೊಂದೇ ಪ್ರಶ್ನೆ.

ಈಗ ಹೊನ್ನಾಳಿಯಲ್ಲಿದ್ದೇನೆ. ನೂರ್‌ಜಾನಳ ಟೈಲರ್ ಅಂಗಡಿ ನನ್ನ ದಾರಿಯಲ್ಲೇ ಇದೆ. ಮೊನ್ನೆ ಹೋದಾಗ ಅವಳು ಸೂಜಿಯನ್ನು ತೋಳುದ್ದ ದೂರ ಹಿಡಿದು ದಾರದೊಡನೆ ಗುದ್ದಾಡುತ್ತಿದ್ದಳು.

"ಕನ್ನಡಕ ಮಾಡಿಸೇ" ಎಂದೆ.

"ಅಯ್ಯ, ನನಗ್ಯಾಕೆ? ಕಣ್ಣು ಚೆನ್ನಾಗೇ ಐತೆ."

ಹತ್ತಿರದ್ದು ನನಗೆ ಬರಿಗಣ್ಣಿಗೇ ಕಾಣುತ್ತದೆ. ಕನ್ನಡಕ ತೆಗೆದಿಟ್ಟು ದಾರ ಪೋಣಿಸಿಕೊಟ್ಟೆ. ಹೊರಟವಳು, ನಾನಿಲ್ಲದಾಗ ಯಾರು ಪೋಣಿಸುತ್ತಾರೆ ಎನ್ನಿಸಿ ತಿರುಗಿ ಬಂದು, ಒಳಗಿದ್ದ ಅವಳ ಮಗಳನ್ನು ಕೂಗಿದೆ: "ನಿಮ್ಮಮ್ಮನಿಗೆ ಸೂಜಿ ಕಾಣಲ್ಲ ನೋಡಮ್ಮಾ!"

ನೂರ್‌ಜಾನ್ ಮಾತು ಬಿಟ್ಟಿದ್ದಾಳೆ. ಇವತ್ತಿಗೆ ನಾಲ್ಕು ದಿನ. ಇನ್ನು ಮೂರು ದಿನ ಕಾಯುತ್ತೇನೆ.