ಗೆರೆ ಮೇಸ್ತ್ರಿ

ನನ್ನ ಗಂಡ ಟೈರ್ ಅಂಗಡಿಯಲ್ಲಿ ಚಕ್ರ ಕೂರಿಸುತ್ತಿದ್ದರು. ಅಲಾಯ್ ಚಕ್ರವಾದರೆ ನಟ್ಟನ್ನು ಮೊದಲು ಬೆರಳಲ್ಲೇ ತಿರುಗಿಸುವರು. ಆಮೇಲೆ ಸ್ಪ್ಯಾನರ್. ಒಂದನ್ನು ಬಿಗಿದರೆ ಮುಂದಿನದು ಪಕ್ಕದ್ದಲ್ಲ, ಎದುರಿನದು. ಕಾರು ನೆಲಕ್ಕಿಳಿದ ಮೇಲೆ ಕೊನೆಯ ಬಿಗಿ. ಅದಾದ ಮೇಲೆ ನಟ್ಟಿನಿಂದ ಚಕ್ರಕ್ಕೆ ಬಿಳಿ ಬಣ್ಣದಲ್ಲಿ ಸಣ್ಣದೊಂದು ಗೆರೆ. ನಟ್ಟು ಅಲುಗಿದರೆ ಗೆರೆ ಮುರಿಯುತ್ತದೆ, ಯಾರು ನೋಡಿದರೂ ಗೊತ್ತಾಗುತ್ತದೆ.

ಅದಕ್ಕೇ ಅವರಿಗೆ ಗೆರೆ ಮೇಸ್ತ್ರಿ ಎಂದು ಹೆಸರು. "ಮೇಸ್ತ್ರಿ ಹಾಕಿದ ಗೆರೆ ಹೆಂಡ್ತೀನೇ ದಾಟಲ್ಲ, ನಟ್ಟು ದಾಟುತ್ತಾ?" ಎಂದು ಅಂಗಡಿಯವರು ನಗುತ್ತಿದ್ದರು. ನಾನೂ ನಗುತ್ತಿದ್ದೆ.

ಮೈದುನ ಕಾರಿಗೆ ಹೊಸ ಅಲಾಯ್ ಹಾಕಿಸಿದ. ಇವರೇ ಕೂರಿಸಿದರು. "ಸ್ವಲ್ಪ ಓಡ್ಸಿ ವಾಪಸ್ ತಗೊಂಡ್ಬಾ, ಮತ್ತೊಂದ್ಸಲ ಬಿಗೀಬೇಕು" ಎಂದರು. ಅವನು ತರಲಿಲ್ಲ. ಮನೆಯಲ್ಲೇ ನಾಲ್ಕೂ ಚಕ್ರ ಬಿಚ್ಚಿ, ಒಳಗೆಲ್ಲ ತೊಳೆದು, ಪಾಲಿಶ್ ಹಾಕಿ, ತಾನೇ ಬಿಗಿದ. ಚಕ್ರ ಹೊಳೆದದ್ದೇ ಹೊಳೆದದ್ದು. ಅತ್ತೆಗೆ ಕಿರಿಮಗನ ಮೇಲೆ ಹೆಮ್ಮೆ.

ಮರುದಿನ ಅದೇ ಕಾರಿನಲ್ಲಿ ಹೊರಟೆವು. ಮೈದುನ ಓಡಿಸುತ್ತಿದ್ದ, ಇವರು ಅವನ ಪಕ್ಕ, ನಾನು ಹಿಂದೆ.

"ಟಕ್ ಟಕ್ ಅಂತಿದೆ. ನಿಲ್ಸು" ಎಂದರು ಇವರು.

"ಅಣ್ಣಾ, ರಜಾ ದಿನಾನೂ ಗ್ಯಾರೇಜಾ? ಸುಮ್ನೆ ಕೂತ್ಕೋ."

"ಚಕ್ರ ಬಿಚ್ಚಿದ್ಯಾ?"

"ತೊಳೆದೆ. ನಿನ್ನ ಗೆರೆ ಏನೂ ಅಳಿಸಿಲ್ಲ, ಹೆದರ್ಬೇಡ."

"ಗೆರೆಗೆ ಗೆರೆ ಕೂಡ್ಸಿದ್ಯಾ?"

"ಅಯ್ಯೋ ಮೇಸ್ತ್ರೀ!" ಎಂದು ನಕ್ಕು ಇನ್ನೂ ಜೋರಾಗಿ ಓಡಿಸಿದ.

ಇಳಿಜಾರಿನಲ್ಲಿ ಮುಂದಿನ ಚಕ್ರ ಕಳಚಿ ನಮಗಿಂತ ಮುಂದೆ ಓಡಿತು. ಕಾರು ಇವರ ಮಗ್ಗುಲಿನಿಂದ ಗೋಡೆಗೆ ಬಡಿಯಿತು. ಮೈದುನನ ತುಟಿ ಒಡೆಯಿತು. ಇವರು ಅಲ್ಲೇ ಹೋದರು.

ಮಣ್ಣು ಮಾಡಿ ಬಂದ ದಿನವೇ ಮೈದುನ ಬಂದವರಿಗೆಲ್ಲ ಹೇಳಿದ: "ಅಣ್ಣನೇ ಬಿಗಿದಿದ್ದು. ಏನ್ಮಾಡೋದು, ಕೈ ತಪ್ಪಿದೆ." ಅಂಗಡಿ ಯಜಮಾನ ನಂಬಿದ. ಗಿರಾಕಿಗಳನ್ನು ಕರೆಸಿ, ಇವರು ಬಿಗಿದ ಚಕ್ರಗಳನ್ನೆಲ್ಲ ಬೇರೆಯವರ ಕೈಲಿ ಮತ್ತೆ ಬಿಗಿಸಿದ.

ಜಜ್ಜಿದ ಕಾರನ್ನು ಹಿತ್ತಲಿಗೆ ಎಳೆದು ತಂದಿದ್ದರು. ಹೋಗಿ ನೋಡಿದೆ. ಉಳಿದ ಮೂರು ಚಕ್ರಗಳಲ್ಲೂ ಗೆರೆ ಮುರಿದಿತ್ತು. ನಟ್ಟಿನ ಮೇಲಿನ ತುಂಡು ಒಂದು ಕಡೆ, ಚಕ್ರದ ಮೇಲಿನದು ಇನ್ನೊಂದು ಕಡೆ. ಇವರು ಬಿಗಿದದ್ದನ್ನು ಯಾರೋ ಬಿಚ್ಚಿ ಹಾಕಿದ್ದಾರೆ ಎಂಬುದಕ್ಕೆ ಬೇರೆ ಸಾಕ್ಷಿ ಬೇಕಿರಲಿಲ್ಲ. ಅತ್ತೆಯನ್ನು ಕರೆದು ತೋರಿಸಿದೆ. ಅವರು ಬಗ್ಗಿ ಬಹಳ ಹೊತ್ತು ನೋಡಿದರು.

"ಹೋದೋನು ಹೋದ. ಇದ್ದೋನನ್ನೂ ಜೈಲಿಗೆ ಕಳಿಸ್ಲಾ?"

"ಅವರ ಹೆಸರು, ಅತ್ತೆ?"

"ಹೆಸರು ಅನ್ನ ಹಾಕುತ್ತಾ?"

ನಾನು ಅಂಗಡಿಗೆ ಓಡಿ ಯಜಮಾನನನ್ನು ಕರೆತಂದೆ. ಅಷ್ಟರಲ್ಲಿ ಮೂರೂ ಚಕ್ರಗಳು ಹೊಳೆಯುತ್ತಿದ್ದವು. ಒಂದು ಗೆರೆಯೂ ಇಲ್ಲ. ಯಜಮಾನ ಚಕ್ರ ನೋಡಿದ, ನನ್ನನ್ನು ನೋಡಿದ.

"ಒಳಗೆ ಹೋಗಿ ಮಲ್ಕೋಮ್ಮ" ಎಂದು ಹೊರಟುಹೋದ.

ಒಳಗೆ ಅತ್ತೆ ತಟ್ಟೆ ಮುಂದಿಟ್ಟರು. "ತಿನ್ನು" ಎಂದರು. ಅವರ ಕೈ ಬಣ್ಣ ಅಳಿಸುವ ಥಿನ್ನರ್ ನಾರುತ್ತಿತ್ತು. ಗೆರೆ ಒರೆಸಿದ ಬಟ್ಟೆ ಹಗ್ಗದ ಮೇಲೆ ಒಣಗುತ್ತಿತ್ತು. ಇವರ ಅಂಗಿ.

ತಿಂದೆ.