ಮುದ್ರೆ ಬಿದ್ದ ಹಾಯಿದೋಣಿಗಳು

ಅಕ್ಕ ಮಾಲ್ಡೀವ್ಸ್‌ನ ಒಂದು ದ್ವೀಪದ ಶಾಲೆಗೆ ಗಣಿತ ಕಲಿಸಲು ಹೋದ ಮೇಲೆ, ಅಮೀರ್‌ಪೇಟ್‌ನ ನಮ್ಮ ಬಾಡಿಗೆ ಮನೆಗೆ ಅಂಚೆಚೀಟಿಗಳ ಮೇಲೆ ಹಾಯಿದೋಣಿಗಳು ಬರತೊಡಗಿದವು. ಒಂದರಲ್ಲಿ ಮೀನು ಹಿಡಿದು ಮರಳುವ ದೋಣಿ, ಇನ್ನೊಂದರಲ್ಲಿ ದಂಡೆಯ ಮೇಲೆ ಕೂತು ನಾರಿನ ಹಗ್ಗ ಹೊಸೆಯುವ ಹೆಂಗಸರು. ಸಮುದ್ರ ನೀಲಿಯಾಗಿತ್ತು ಎಂದು ಬರೆಯಲು ಹೊರಟೆ. ಹಸಿರಾಗಿದ್ದರೂ ಇರಬಹುದು.

ಅಪ್ಪ ಸರ್ಕಾರಿ ಕಚೇರಿಯಲ್ಲಿ ಗುಮಾಸ್ತರಾಗಿದ್ದರು. ಚೀಟಿ ಕೂಡಿಸುವುದು ರಾಯಚೂರಿನಿಂದಲೇ ತಂದ ಹವ್ಯಾಸ. ಲಕೋಟೆಯ ಮೂಲೆ ಕತ್ತರಿಸಿ ತಟ್ಟೆಯ ಬೆಚ್ಚಗಿನ ನೀರಿನಲ್ಲಿ ತೇಲಿಬಿಡುತ್ತಿದ್ದರು. ಗೋಂದು ಬಿಟ್ಟ ಮೇಲೆ ಚೀಟಿಯನ್ನು ಹಳೆಯ ಪತ್ರಿಕೆಯ ಮೇಲೆ ಬೋರಲು ಹಾಕಿ ಒಣಗಿಸುವರು. ಉಳಿದ ಲಕೋಟೆ ಬಚ್ಚಲಿನ ಹಂಡೆಯ ಒಲೆಗೆ ಹೋಗುತ್ತಿತ್ತು.

"ಮಗಳ ಪತ್ರ ಬಂದ್ರ ಮೊದಲ ಕತ್ರಿ ಹುಡುಕ್ತೀರಿ, ಆಮ್ಯಾಲ ಕನ್ನಡಕ," ಅನ್ನುತ್ತಿದ್ದಳು ಅವ್ವ.

"ಪತ್ರ ನೀ ಓದಿ ಹೇಳ್ತೀಯಲ್ಲ. ಇದನ್ನ ಯಾರು ತೊಳೀಬೇಕು?"

ಆ ವರ್ಷ ಅಕ್ಕನಿಗೆ ಬೇರೆ ದ್ವೀಪಕ್ಕೆ ವರ್ಗವಾಯಿತು. ಹೊಸ ವಿಳಾಸವನ್ನು ಎಂದಿನಂತೆ ಲಕೋಟೆಯ ಹಿಂದೆ ಬರೆದಿದ್ದಳು. ಒಳಗಿನ ಹಾಳೆಯಲ್ಲಿ ಊರಿನ ಹೆಸರಿರಲಿಲ್ಲ. ಲಕೋಟೆ ಒಲೆ ಸೇರಿದ ಮೇಲೆ, ಆ ವಾರವೇ ಅವ್ವನನ್ನು ದವಾಖಾನೆಗೆ ಸೇರಿಸಿದೆವು. ಕರೆಸುವವರನ್ನು ಬೇಗ ಕರೆಸಿಕೊಳ್ಳಿ ಎಂದು ಡಾಕ್ಟರು ತೆಲುಗಿನಲ್ಲಿ ಹೇಳಿದರು.

ಅಪ್ಪ ಆ ಲಕೋಟೆಯಿಂದ ಬಿಡಿಸಿದ್ದ ಚೀಟಿಯನ್ನು ಕಿಟಕಿಯ ಬೆಳಕಿಗೆ ಹಿಡಿದರು. ಅಂಚೆಯ ಮುದ್ರೆ ಅರ್ಧ ಮಾತ್ರ ಅದರ ಮೇಲೆ ಬಿದ್ದಿತ್ತು. ದ್ವೀಪದ ಹೆಸರಿನ ಕೊನೆಯ ಕೆಲವು ಅಕ್ಷರಗಳು ಹಾಯಿಯ ಮೇಲೆ ಇದ್ದವು.

"ನಿನ್ನ ಕಣ್ಣು ಚಲೋ ಅದಾವ, ನೀ ನೋಡು."

ನೋಡಿದೆ. ಅಟ್ಲಾಸಿನಲ್ಲಿ ಹಾಗೆ ಮುಗಿಯುವ ದ್ವೀಪಗಳು ಸಾಲುಸಾಲಾಗಿದ್ದವು. ಕೊನೆಗೆ ಅಂಚೆ ಕಚೇರಿಗೆ ಹೋಗಿ ಅಕ್ಕನ ಹಳೆಯ ಶಾಲೆಗೇ ತಾರು ಕೊಟ್ಟೆವು.

ಅಕ್ಕ ಬರುವಷ್ಟರಲ್ಲಿ ಅವ್ವನ ಕರ್ಮಗಳೆಲ್ಲ ಮುಗಿದಿದ್ದವು. ತಾರು ಹಳೆಯ ದ್ವೀಪ ಮುಟ್ಟಿ, ಅವಳಿದ್ದ ಕಡೆ ಹೋಗುವ ದೋಣಿಗಾಗಿ ಕಾದಿತ್ತಂತೆ. ಗಾಳಿ ಜೋರಿದ್ದುದರಿಂದ ದೋಣಿ ಬಿಟ್ಟಿರಲಿಲ್ಲ. ಇದನ್ನು ಅವಳು ಬಸ್ಸು ತಡವಾದದ್ದನ್ನು ಹೇಳುವಂತೆ ಹೇಳಿದಳು. ಅಪ್ಪ ಲಕೋಟೆಯ ಮಾತು ತಾವೇ ಎತ್ತಿದರು.

"ಸುಟ್ಟಬಿಟ್ಟೆ ಯವ್ವಾ. ಯಾವಾಗ್ಲೂ ಸುಡೂ ಹಂಗ."

"ಇರಲಿ ಬಿಡ್ರಿ ಅಪ್ಪ," ಅಂದಳು. ಯಾರೂ ಅಳಲಿಲ್ಲ ಎಂದು ನನ್ನ ನೆನಪು. ಅತ್ತಿದ್ದರೂ ನನಗೆ ಕೇಳಿಸಿರಲಿಕ್ಕಿಲ್ಲ. ಆ ದಿನಗಳಲ್ಲಿ ಎಲ್ಲವೂ ಗೋಡೆಯಾಚೆ ನಡೆದಂತಿತ್ತು.

ಅಪ್ಪ ಹೊರಗೆ ಹೋದ ಮೇಲೆ ಅಕ್ಕ ನನ್ನನ್ನು ಕೇಳಿದಳು: "ಅವ್ವ ನನ್ನ ಕೇಳಿದ್ಲೇನು?"

"ಕೇಳಿದ್ಲು."

"ಏನಂದ್ಲು?"

"ಬಂದ್ಲೇನು ಅಂದ್ಲು."

ಅವ್ವ ಹಾಗೆ ಕೇಳಿದ್ದು ನಿಜ. ಆದರೆ ದವಾಖಾನೆಯ ಮಂಚದ ಮೇಲೆ ಕೇಳಿದ್ದೋ, ಅದಕ್ಕೂ ಹಿಂದಿನ ಯಾವುದೋ ರಜೆಯಲ್ಲಿ, ರೈಲು ತಡವಾದ ದಿನ ಕೇಳಿದ್ದೋ, ಅಂದೂ ನನಗೆ ಖಚಿತವಿರಲಿಲ್ಲ, ಇಂದೂ ಇಲ್ಲ. ಅಕ್ಕ ತಲೆಯಾಡಿಸಿದಳು. ಅಕ್ಕಿ ಯಾವ ಡಬ್ಬಿಯಲ್ಲಿದೆ ಎಂದು ಕೇಳಿ, ಅಡುಗೆಗೆ ಎದ್ದಳು.